ನೀಲಿ ಟೋಪಿಯ ಹಿಂದೆ

ನಮ್ಮ ಬೀದಿಯ ಕ್ಷೌರದಂಗಡಿಯವನಿಗೆ ರೇಡಿಯೊ ಎಂದು ಯಾರು ಹೆಸರಿಟ್ಟರೋ ಗೊತ್ತಿಲ್ಲ. ಇಟ್ಟವರು ನನ್ನ ಹಾಗೆಯೇ ಆ ಕುರ್ಚಿಯಲ್ಲಿ ಕೂತು ಬೇಸತ್ತವರೇ ಇರಬೇಕು. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ ಗಂಟು ಹಾಕುವುದೇ ತಡ, ಹಿಂದಿನಿಂದ ಮಾತು ಶುರುವಾಗುತ್ತದೆ. ಪಕ್ಕದ ಬೀದಿಯ ಜಗಳ, ಯಾರದೋ ಮನೆಯ ಬೆಕ್ಕು ಮರಿ ಹಾಕಿದ್ದು, ಆ ಮರಿಗಳ ಬಣ್ಣ, ಆ ಬಣ್ಣದ ಬಗ್ಗೆ ಮನೆಯವರಿಗಿರುವ ಅನುಮಾನ, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು. ನಾನು ಶಾಲೆಯಲ್ಲಿ ಭೂಗೋಳ ಹೇಳುವ ಮೇಷ್ಟ್ರು. ದಿನವಿಡೀ ಗಂಟಲು ಹರಿದುಕೊಂಡು ಬಂದವನಿಗೆ ಕ್ಷೌರದ ಹೊತ್ತಿನಲ್ಲಾದರೂ ಸ್ವಲ್ಪ ನೆಮ್ಮದಿ ಬೇಡವೇ? ಬೇಡ ಎನ್ನುವುದು ರೇಡಿಯೊನ ಅಭಿಪ್ರಾಯ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೆ. ಕಣ್ಣು ಮುಚ್ಚಿ ಕೂತು, ಆತ ಉಸಿರೆಳೆದುಕೊಳ್ಳಲು ನಿಲ್ಲಿಸಿದಲ್ಲೆಲ್ಲ "ಹೂಂ" ಎನ್ನುವುದು. ವರ್ಷಗಟ್ಟಲೆ ಹೂಂಗುಟ್ಟಿದ್ದೇನೆ. ಒಂದು ಮಾತೂ ತಲೆಗೆ ಹೋಗಿಲ್ಲ.

ವಿಚಿತ್ರವೆಂದರೆ ಇದೇ ರೇಡಿಯೊ ಎದುರೆದುರು ಸಿಕ್ಕರೆ ಬಾಯಿಗೆ ಬೀಗ. ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸಿ ವ್ಯಾಪಾರ ಮಾಡುತ್ತಾನೆ. ಕ್ಷೌರ ಮುಗಿದು ನಾನು ಎದ್ದು ತಿರುಗಿ ನಿಂತರೆ ಸಾಕು, ಅಷ್ಟು ಹೊತ್ತು ಹರಿಯುತ್ತಿದ್ದ ಮಾತು ನಲ್ಲಿ ತಿರುಗಿಸಿದ ಹಾಗೆ ನಿಂತುಹೋಗಿ, ಆತ ನೆಲ ನೋಡುತ್ತ ಬಟ್ಟೆ ಕೊಡವುತ್ತಾನೆ. ಮೊದಮೊದಲು ನಾನಿದನ್ನು ಕೊಬ್ಬು ಅಂದುಕೊಂಡಿದ್ದೆ.

ಕೊಬ್ಬಲ್ಲ, ಕಲಿತ ಕೆಲಸ. ಆತ ಬೆಳೆದದ್ದು ಸೋದರಮಾವನ ಅಂಗಡಿಯಲ್ಲಿ. ಮಾವ ಬಹಳ ದಿನ ಮನುಷ್ಯರ ಮುಖ ಮುಟ್ಟಗೊಡಲಿಲ್ಲವಂತೆ. ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕತ್ತಿಯಲ್ಲಿ ಕೆರೆದು ತೆಗೆಯಬೇಕು; ಕೆರೆಯುವಷ್ಟು ಹೊತ್ತೂ ಬಲೂನಿನ ಜೊತೆ ಮಾತಾಡುತ್ತಿರಬೇಕು. ಕತ್ತಿ ಹಿಡಿದವನು ಸುಮ್ಮನಿದ್ದರೆ ಕೂತವನಿಗೆ ಹೆದರಿಕೆಯಾಗುತ್ತದೆ, ಮಾತು ಕೇಳುತ್ತಿದ್ದರೆ ಕತ್ತಿ ಮರೆತುಹೋಗುತ್ತದೆ ಎಂಬುದು ಮಾವನ ಲೆಕ್ಕಾಚಾರ. ಇನ್ನೊಂದು ಕಟ್ಟಪ್ಪಣೆಯೂ ಇತ್ತು. ಕನ್ನಡಿಯಲ್ಲಿ ಗಿರಾಕಿಯ ಕಣ್ಣಿಗೆ ಕಣ್ಣು ಕೊಡಬಾರದು. ಅಲ್ಲಿ ಆತ ತನ್ನ ಮುಖ ತಾನು ನೋಡಿಕೊಳ್ಳುತ್ತಿರುತ್ತಾನೆ, ನಡುವೆ ನಮ್ಮದೇನು ಕೆಲಸ? ಹೀಗೆ ಆ ಹುಡುಗನ ಬಾಯಲ್ಲಿದ್ದ ಮಾತೆಲ್ಲ ಜನರ ತಲೆಯ ಹಿಂಭಾಗದ ಪಾಲಾಯಿತು. ಇವತ್ತಿಗೂ ಬೀದಿಯ ಯಾರನ್ನೇ ಹಿಂದಿನಿಂದ ಕಂಡರೂ ಕುತ್ತಿಗೆಯ ಮೇಲಿನ ಕೂದಲು ನೋಡಿ ಇಂಥವರೆಂದು ಹೇಳಿಬಿಡುತ್ತಾನೆ. ಮುಖ ಎದುರಾದರೆ ಮಾತ್ರ ಗಲಿಬಿಲಿ. ಇದೆಲ್ಲ ಆತ ನನಗೆ ಕುರ್ಚಿಯಲ್ಲಿ ಹತ್ತಾರು ಸಲ ಹೇಳಿರಲಿಕ್ಕೂ ಸಾಕು. ನನಗೆ ತಿಳಿದದ್ದು ಆತನ ಹೆಂಡತಿ ನನ್ನ ಹೆಂಡತಿಗೆ ಹೇಳಿ, ನನ್ನ ಹೆಂಡತಿ ನನಗೆ ಹೇಳಿ.

ಆತನ ಹೆಂಡತಿಯನ್ನು ಬೀದಿಯವರೆಲ್ಲ ಉಲ್ಲನ್ ಅಕ್ಕ ಎನ್ನುತ್ತೇವೆ. ಅಂಗಡಿಯ ಹಿಂದಿನ ಎರಡು ಕೋಣೆಯೇ ಅವರ ಮನೆ. ಮಗಳು ಮದುವೆಯಾಗಿ ಹೋದ ಮೇಲೆ ಇಬ್ಬರೇ. ಪಕ್ಕದ ಓಣಿಯ ಕಡೆಗಿರುವ ಕಿಟಕಿಯ ಹತ್ತಿರ ಕೂತು ಆಕೆ ಟೋಪಿ ಹೆಣೆಯುತ್ತಾಳೆ. ಉಲ್ಲನ್ನಿನ ಲಡಿಯನ್ನು ಒಂದು ಮರದ ಕುರ್ಚಿಯ ಬೆನ್ನಿಗೆ ಸಿಕ್ಕಿಸಿ, ಆ ಕುರ್ಚಿಯ ಎದುರು ತಾನು ಕೂತು, ದಾರ ಬಿಡಿಸಿ ಬಿಡಿಸಿ ಉಂಡೆ ಸುತ್ತುವುದನ್ನು ನಾನು ಹೋಗುತ್ತ ಬರುತ್ತ ನೋಡಿದ್ದೇನೆ. ಒಂದು ಗಿರಣಿ ಬಾಗಿಲು ಹಾಕಿದಾಗ ಆಕೆಗೆ ರಾಶಿ ರಾಶಿ ನೀಲಿ ಉಲ್ಲನ್ ಸಿಕ್ಕಿತಂತೆ, ಜೊತೆಗೆ ಸ್ವಲ್ಪ ಹಳದಿ. ಅದರ ಫಲವಾಗಿ ನಮ್ಮ ಬೀದಿಯ ಅರ್ಧ ಜನ ಚಳಿಗಾಲದಲ್ಲಿ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತಾರೆ. ನೀಲಿ ಟೋಪಿ, ಅಡ್ಡಕ್ಕೊಂದು ಹಳದಿ ಪಟ್ಟೆ, ನೆತ್ತಿಯ ಮೇಲೊಂದು ಗೊಂಡೆ. ಗೊಂಡೆ ಬೇಡ ಅಂದರೆ ಆಕೆಗೆ ಸಿಟ್ಟು ಬರುತ್ತದೆ.

ಎದುರಿಗೆ ಮಾತು ಬಾರದ ಗಂಡು ಮದುವೆಯಾದದ್ದು ಹೇಗೆ? ಸೈಕಲ್ಲಿನ ಮೇಲೆ. ಒಮ್ಮೆ ಚಳಿಗಾಲದಲ್ಲಿ ಆಕೆಯನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಊರಾಚೆ ಕಾಲುವೆಯ ಹಳೇ ಸೇತುವೆಯ ತನಕ ಹೋದನಂತೆ. ಆಕೆಯ ಜಡೆ ಮೂಗಿನ ಮುಂದೆಯೇ ಇತ್ತು. ಮಾತು ತಾನಾಗಿ ಬಂತು. ಅಂದಿನಿಂದ ಅದೇ ರೂಢಿಯಾಯಿತು. ಚಳಿಗಾಲದಲ್ಲಿ ಜನ ತಲೆ ಬೆಚ್ಚಗಿರಲೆಂದು ಕೂದಲು ಬಿಡುತ್ತಾರೆ, ಅಂಗಡಿಯಲ್ಲಿ ಕೆಲಸ ಕಡಿಮೆ. ಆಗ ಒಂದು ರಜೆಯ ಬೆಳಿಗ್ಗೆ ಇಬ್ಬರೂ ಒಂದೊಂದು ಸೈಕಲ್ ಹತ್ತಿ ಅದೇ ಸೇತುವೆಗೆ ಹೋಗಿಬರುತ್ತಾರೆ. ಆಕೆ ಮುಂದೆ, ಆತ ಹಿಂದೆ. ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಆತ ಅಂದು ಹೇಳುತ್ತಾನೆ. ಮಗಳ ಮದುವೆಯ ವಿಷಯ, ತನ್ನ ತಾಯಿಯನ್ನು ಕೊನೆಗಾಲದಲ್ಲಿ ಮನೆಗೆ ಕರೆತರುವ ವಿಷಯ, ಎಲ್ಲ ಆ ದಾರಿಯಲ್ಲೇ ತೀರ್ಮಾನವಾದದ್ದು. ಇದನ್ನು ಕೇಳಿದಾಗ ನಾನು ನಕ್ಕಿದ್ದೆ. ನಗಬಾರದಿತ್ತು ಅಂತೇನಿಲ್ಲ, ನಗುವಂಥದ್ದೇ.

ಈ ಚಳಿಗಾಲ ನನಗೆ ಡಾಕ್ಟರು ಸೈಕಲ್ ತುಳಿಯಲು ಹೇಳಿದರು. ರಕ್ತದಲ್ಲಿ ಸಕ್ಕರೆ ಏರಿದೆಯಂತೆ. ಡಾಕ್ಟರು ಒಮ್ಮೆ ಹೇಳಿದ್ದನ್ನು ಹೆಂಡತಿ ದಿನಾ ಹೇಳಿದಳು. ಆ ಬೆಳಿಗ್ಗೆ ಕಿಟಕಿ ತೆರೆದರೆ ಎದುರು ಮನೆಯೇ ಇಲ್ಲ. ಅಂಥ ಮಂಜು.

"ಇವತ್ತು ಬೇಡ ಕಣೇ, ಏನೂ ಕಾಣ್ತಿಲ್ಲ" ಎಂದೆ.

"ಸೈಕಲ್ ಕಾಣ್ತಿದೆ ತಾನೆ? ಹತ್ತಿ" ಎಂದಳು. ಉಲ್ಲನ್ ಅಕ್ಕನ ಟೋಪಿಯನ್ನು ಕಿವಿಯ ಕೆಳಗೆ ಬರುವ ಹಾಗೆ ಎಳೆದು, ಅದರ ಮೇಲೆ ತನ್ನದೇ ಕಂದು ಶಾಲನ್ನು ಕುತ್ತಿಗೆಯಿಂದ ಸೊಂಟದ ತನಕ ಸುತ್ತಿ ಪಿನ್ನು ಹಾಕಿದಳು. ಕನ್ನಡಿಯಲ್ಲಿ ನೋಡಿಕೊಂಡೆ. ಗಂಡಸೋ ಹೆಂಗಸೋ ಹಾಸಿಗೆ ಸುರುಳಿಯೋ ಹೇಳುವುದು ಕಷ್ಟವಿತ್ತು.

ರೈಲ್ವೆ ಗೇಟು ಹಾಕಿತ್ತು. ಮಂಜಿನೊಳಗೆ ನಾಲ್ಕಾರು ಸೈಕಲ್ಲುಗಳು ನಿಂತಿದ್ದವು, ಯಾರು ಯಾರೆಂದು ತಿಳಿಯುವಂತಿರಲಿಲ್ಲ. ಯಾರೋ ಕೆಮ್ಮಿದರು, ಯಾರೋ ಕೈ ಉಜ್ಜಿಕೊಂಡರು. ರೈಲಿನ ಸದ್ದು ಮಾತ್ರ ಹೋಯಿತು, ರೈಲು ಕಾಣಲಿಲ್ಲ. ಗೇಟು ಎದ್ದದ್ದೇ ಎಲ್ಲರೂ ಒಟ್ಟಿಗೆ ನುಗ್ಗಿ, ಆಚೆ ಹೋಗಿ ಚದುರಿದೆವು. ಅಲ್ಲಿ ದಾರಿ ಕವಲಾಗುತ್ತದೆ. ಎಡಕ್ಕೆ ಹೋದರೆ ಕಾಲುವೆ, ಬಲಕ್ಕೆ ಹೋದರೆ ಇಟ್ಟಿಗೆ ಗೂಡುಗಳು ಮತ್ತು ಹೊಲ. ನಾನು ಕಾಲುವೆಯ ದಾರಿ ಹಿಡಿದಿದ್ದೇನೆಂದು ಖಂಡಿತವಾಗಿ ತಿಳಿದಿದ್ದೆ.

ಸ್ವಲ್ಪ ದೂರ ಹೋಗಿರಬೇಕು. ಹಿಂದಿನಿಂದ ಮಾತು ಬಂತು.

"ಗೇಟಿನ ಹತ್ರ ನಿಂತು ನಿಂತು ಕಾಲು ಮರಗಟ್ಟಿಹೋಯ್ತು. ನಿನಗೆ ಹೇಗಿದೆ?"

ಆ ದನಿಯನ್ನು ನನ್ನ ತಲೆಯ ಹಿಂಭಾಗ ಗುರುತು ಹಿಡಿಯಿತು. ರೇಡಿಯೊ. ಬಾಯಿ ತನ್ನಷ್ಟಕ್ಕೇ "ಹೂಂ" ಎಂದಿತು. ಎಂದ ಮೇಲೆ ಸಿಟ್ಟು ಬಂತು. ಊರಾಚೆ, ಈ ಕೊರೆಯುವ ಚಳಿಯಲ್ಲಿ, ಇಲ್ಲಿಗೂ ಬಂದನೇ? ಆಮೇಲೆ ಇನ್ನೊಂದು ಹೊಳೆಯಿತು. ನಿನಗೆ ಅಂದನಲ್ಲ? ಇಷ್ಟು ವರ್ಷದಲ್ಲಿ ನನ್ನನ್ನು ಮೇಷ್ಟ್ರೇ, ನೀವು ಎಂದಲ್ಲದೆ ಕರೆದವನಲ್ಲ. ಅಂಗಡಿಗೆ ರಜೆ ಇದ್ದ ದಿನ ಮರ್ಯಾದೆಗೂ ರಜೆಯೋ ಏನೋ, ಒಂದೂ ಅರ್ಥವಾಗದೆ ಪೆಡಲ್ ತುಳಿದೆ.

"ಮಗಳು ಫೋನ್ ಮಾಡಿದ್ರೆ ಅವಳಿಗೆ ಈಗಲೇ ಏನೂ ಹೇಳಬೇಡ. ಸುಮ್ನೆ ಗಾಬರಿ ಆಗ್ತಾಳೆ."

ನನಗಿರುವುದು ಇಬ್ಬರು ಗಂಡುಮಕ್ಕಳು. ಗಾಬರಿಯಾಗುವ ಪೈಕಿಯೂ ಅಲ್ಲ. ಈತ ಕಿವಿಗೆ ಫೋನ್ ಸಿಕ್ಕಿಸಿಕೊಂಡು ಯಾರ ಜೊತೆಯೋ ಮಾತಾಡುತ್ತಿರಬಹುದೇ? ನನ್ನ ಪಕ್ಕದಲ್ಲಿ ಇನ್ನೊಬ್ಬರು ಯಾರಾದರೂ ಇದ್ದಾರೆಯೇ? ಎಡಕ್ಕೆ ನೋಡಿದೆ, ಮಂಜು. ಬಲಕ್ಕೆ ನೋಡಿದೆ, ಮಂಜು ಮತ್ತು ಒಂದು ಕಲ್ಲು.

"ನಿನ್ನ ಮೊಣಕಾಲು ಹೇಗಿದೆ? ಹಗಲಿಡೀ ಒಂದೇ ಕಡೆ ಕೂತು ಹೆಣೀಬೇಡ ಅಂತ ಎಷ್ಟು ಸಲ ಹೇಳಿಲ್ಲ."

ಆಗ ತಿಳಿಯಿತು. ನೀಲಿ ಟೋಪಿ, ಹಳದಿ ಪಟ್ಟೆ, ಗೊಂಡೆ. ಮೇಲಿಂದ ಹೆಂಗಸರ ಶಾಲು. ಊರಿನ ಅಷ್ಟೂ ಕುತ್ತಿಗೆಗಳನ್ನು ಬಲ್ಲ ಮನುಷ್ಯನಿಗೆ ನನ್ನ ಕುತ್ತಿಗೆ ಕಾಣುವಂತಿರಲಿಲ್ಲ. ಗೇಟಿನ ಹತ್ತಿರದ ಗಡಿಬಿಡಿಯಲ್ಲಿ ತನ್ನ ಹೆಂಡತಿಯೆಂದು ನನ್ನ ಬೆನ್ನು ಹತ್ತಿದ್ದಾನೆ. ಇವತ್ತು ಅವರ ಸೇತುವೆಯ ದಿನ. ನಾನು ಇಂಗು ತಿಂದ ಮಂಗನಂತಾದೆ. ತಕ್ಷಣ ತಿರುಗಿ "ರೀ, ನಾನು ಮೇಷ್ಟ್ರು" ಎನ್ನಬೇಕೆಂದು ಬಾಯಿ ತೆರೆದೆ.

"ನನ್ನ ಬಲಗೈ ನಡುಗ್ತಿದೆ" ಎಂದ ರೇಡಿಯೊ.

ತೆರೆದ ಬಾಯಿಯೊಳಗೆ ಮಂಜು ಹೋಯಿತು.

"ಮಳೆಗಾಲದಿಂದ ಶುರುವಾಗಿದ್ದು. ಡಾಕ್ಟರ ಹತ್ರ ಹೋಗಿದ್ದೆ, ನಿನಗೆ ಹೇಳ್ಲಿಲ್ಲ. ಕಡಿಮೆ ಆಗೋದಲ್ವಂತೆ. ಔಷಧಿ ಸ್ವಲ್ಪ ತಡೆಯುತ್ತೆ, ಅಷ್ಟೆ. ಲೋಟ ಎರಡು ಕೈಲಿ ಹಿಡಿಯೋದು ಚಳಿಗೆ ಅಂತ ನಿನಗೆ ಹೇಳ್ತಿದ್ದೆನಲ್ಲ, ಸುಳ್ಳು. ಕತ್ತಿ ಹಿಡಿದು ಮುಖಕ್ಷೌರ ಮಾಡೋದು ಬಿಟ್ಟೆ. ಈಗ ಕತ್ತರಿನೂ ಮಾತು ಕೇಳ್ತಿಲ್ಲ."

ನಾನೀಗ ಏನು ಮಾಡಬೇಕು? ತಿರುಗಿದರೆ ಆತನಿಗೆ ಮುಖ ಕಾಣುತ್ತದೆ, ಅದೂ ಹೆಂಡತಿಯದಲ್ಲದ ಮುಖ. ಆ ಬಾಯಿ ಮುಚ್ಚಿದರೆ ಮತ್ತೆ ಯಾವ ಚಳಿಗಾಲಕ್ಕೆ ತೆರೆದೀತು? ತಿರುಗದಿದ್ದರೆ ಇನ್ನೊಬ್ಬರ ಮನೆಯ ಮಾತನ್ನು ನಾನು ಕದ್ದು ಕೇಳಿದಂತೆ. ಎರಡೂ ತಪ್ಪೆನಿಸಿತು. ಯೋಚಿಸಲು ಹೊತ್ತು ಬೇಕಿತ್ತು, ಆತ ಉಸಿರೆಳೆದುಕೊಳ್ಳಲು ನಿಲ್ಲಿಸಿದ್ದ. ನಾನು "ಹೂಂ" ಎಂದೆ. ಹಾಳು ಅಭ್ಯಾಸ.

"ಮೊನ್ನೆ ಆ ಭೂಗೋಳದ ಮೇಷ್ಟ್ರ ಕಿವಿ ಹಿಂದೆ ಕುಯ್ದುಬಿಟ್ಟೆ. ರಕ್ತ ಬಂತು. ಹತ್ತಿ ಒತ್ತಿ ಹಿಡ್ಕೊಂಡು, ತಪ್ಪಾಯ್ತು ಮೇಷ್ಟ್ರೇ, ಕೈ ನಡುಗಿತು ಅಂದೆ. ಅಂದೇ ಬಿಟ್ಟೆ ಕಣೇ. ಆ ಮನುಷ್ಯ ಹೂಂ ಅಂದ. ಅಷ್ಟೇ. ಅವರಿಗೆ ಕಟಿಂಗ್ ಮಾಡೋದೂ ಒಂದೇ, ಕುಂಬಳಕಾಯಿ ಹೆಚ್ಚೋದೂ ಒಂದೇ."

ನನ್ನ ಕೈ ಟೋಪಿಯೊಳಗೆ ಹೋಗಿ ಕಿವಿಯ ಹಿಂದೆ ತಡಕಿತು. ಹೌದು, ಒಣಗಿದ ಗಾಯದ ಹಕ್ಕಳೆ ಇತ್ತು. ಸೊಳ್ಳೆ ಕಚ್ಚಿದ್ದೆಂದು ತಿಳಿದು ಮನೆಯಲ್ಲಿ ಕಿಟಕಿಗೆ ಪರದೆ ಹಾಕಿಸುವ ಮಾತಾಡಿದ್ದೆ. ಈ ಚಳಿಯಲ್ಲಿ ಸೊಳ್ಳೆ ಎಲ್ಲಿಯದು ಎಂದು ಹೆಂಡತಿ ಕೇಳಿದ್ದಳು. ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂದು ಯಾವುದನ್ನು ಮೊದಲು ಪಡಬೇಕೆಂದು ತಿಳಿಯಲಿಲ್ಲ.

ಆತನ ದನಿ ಇಳಿಯಿತು. ಹತ್ತಿರಕ್ಕೆ ಬಂದಿದ್ದನೆಂದು ತೋರುತ್ತದೆ, ಆತನ ಸೈಕಲ್ಲಿನ ಚೈನು ಕರಕರ ಎನ್ನುವುದು ಕೇಳುತ್ತಿತ್ತು.

"ಅಂಗಡಿ ಮುಚ್ಚಬೇಕು. ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡಿದೀನಿ. ನನಗೆ ಭಯ ಇರೋದು ಆಮೇಲಿಂದು. ಬೆಳಿಗ್ಗೆಯಿಂದ ಸಂಜೆ ತನಕ ಮನೇಲಿ, ನಿನ್ನ ಎದುರಿಗೆ. ನಾನು ನಿನ್ನ ಮುಖ ನೋಡಿ ಮಾತಾಡಿದ್ದು ಎಷ್ಟು ಸಲ ಹೇಳು? ಊಟಕ್ಕೆ ಕೂತಾಗಲೂ ತಟ್ಟೆ ನೋಡ್ತೀನಿ. ಇಷ್ಟು ದಿನ ಅಂಗಡಿ ಇತ್ತು, ಕೆಲಸ ಇದೆ ಅಂತ ಎದ್ದು ಹೋಗ್ತಿದ್ದೆ. ಇನ್ಮೇಲೆ ಎಲ್ಲಿಗೆ ಎದ್ದು ಹೋಗಲಿ? ಒಂದು ವಾರ ಎದುರು ಕೂತ್ರೆ ನಿನಗೆ ಗೊತ್ತಾಗಿಹೋಗುತ್ತೆ, ಇವನಲ್ಲಿ ಏನೂ ಇಲ್ಲ ಅಂತ. ಇಷ್ಟು ವರ್ಷ ನಾನು ತಪ್ಪಿಸ್ಕೊಂಡಿದ್ದು ಅದನ್ನೇ. ಏನಂತೀಯ?"

ಇದಕ್ಕೆ ಹೂಂ ಸಾಲದು. ಏನು ಹೇಳಿದರೂ ಅದು ನನ್ನ ದನಿಯಲ್ಲೇ ಬರುತ್ತಿತ್ತು.

"ಲೇ, ಏನಾದ್ರೂ ಹೇಳು."

ತಲೆ ಕೆಟ್ಟು ಬ್ರೇಕ್ ಹಿಡಿದೆ. ಆತನ ಮುಂದಿನ ಚಕ್ರ ನನ್ನ ಹಿಂದಿನ ಚಕ್ರಕ್ಕೆ ಬಂದು ಬಡಿಯಿತು. ಇಬ್ಬರೂ ಒಬ್ಬರ ಮೇಲೊಬ್ಬರು, ನಮ್ಮ ಮೇಲೆ ಎರಡು ಸೈಕಲ್ಲು, ಕೆಳಗೆ ತಣ್ಣಗಿನ ಕೆಸರು. ಟೋಪಿ ಎಲ್ಲೋ ಹೋಯಿತು. ಶಾಲಿನೊಳಗಿಂದ ನನ್ನ ಮುಖ ಹೊರಬಂತು.

ಆತ ನನ್ನ ಮುಖ ನೋಡಿದ. ಆಮೇಲೆ ನನ್ನ ಕಿವಿಯ ಹಿಂದೆ ನೋಡಿದ, ಗುರುತು ಖಾತ್ರಿ ಮಾಡಿಕೊಳ್ಳುವವನಂತೆ. ಆ ಹೊತ್ತಿನ ಆತನ ಕಣ್ಣು ನನಗೆ ಮರೆಯುವುದಿಲ್ಲ. ಕಣ್ಣು ನನ್ನ ಬೂಟಿನ ಮೇಲೆ ಇಳಿಯಿತು. ಅಲ್ಲೇ ನಿಂತಿತು.

"ಟೋಪಿ ಒಂದೇ ಥರ ಇದೆ ನೋಡಿ," ಎಂದು ನಾನು ತೊದಲಿದೆ, "ಶಾಲು ಮನೆಯವಳದು."

ಆತ ಬೂಟಿಗೆ ಕೇಳಿದ, "ಹೂಂ ಅಂತಿದ್ದಿದ್ದು ನೀವಾ?"

"ನಾನೇ."

"ಅವಳೂ ಹಾಗೇ ಅಂತಾಳೆ. ಹೆಣಿಗೆ ಲೆಕ್ಕ ಹಾಕ್ತಾ." ಇಷ್ಟು ಹೇಳಿದವನು ಥಟ್ಟನೆ ಎದ್ದು ನಿಂತ. "ಅವಳೆಲ್ಲಿ?"

ಅಲ್ಲಿಗೆ ನಿಜವಾದ ಪೇಚಾಟ ಶುರುವಾಯಿತು. ನಾವು ಇದ್ದದ್ದು ಎಲ್ಲಿ? ಕಾಲುವೆಯ ನೀರಿನ ಸದ್ದಿರಲಿಲ್ಲ. ಪಕ್ಕದಲ್ಲಿ ಇಟ್ಟಿಗೆಯ ರಾಶಿ ಕಂಡಿತು. ಅಂದರೆ ಕವಲಿನಲ್ಲಿ ನಾನು ಬಲಕ್ಕೆ ತಿರುಗಿದ್ದೆ. ಸೂರ್ಯನನ್ನು ನೋಡಿ ದಿಕ್ಕು ತಿಳಿಯುವುದನ್ನು ನಾನು ತರಗತಿಯಲ್ಲಿ ಹೇಳಿಕೊಡುತ್ತೇನೆ. ಸೂರ್ಯ ಎಲ್ಲಿ? ನಾಲ್ಕೂ ಕಡೆ ಒಂದೇ ಬಿಳುಪು. ಹೊಲದ ನಡುವಿನ ಕಾಲುದಾರಿಯಲ್ಲಿ ಅಡ್ಡ ಹಾಯ್ದರೆ ಕಾಲುವೆ ಸಿಗುತ್ತದೆಂದು ಧೈರ್ಯವಾಗಿ ಹೇಳಿದೆ. ಬಹಳ ದೂರ ತುಳಿದು ಒಂದು ಇಟ್ಟಿಗೆಯ ರಾಶಿಗೆ ಬಂದೆವು. ಅದರ ಬುಡದಲ್ಲಿ ನನ್ನ ನೀಲಿ ಟೋಪಿ ಬಿದ್ದಿತ್ತು. ಹೊರಟಲ್ಲಿಗೇ ಬಂದಿದ್ದೆವು.

ರೇಡಿಯೊ ನಗಲಿಲ್ಲ, ಬೈಯಲೂ ಇಲ್ಲ. ಟೋಪಿ ಎತ್ತಿ ಕೆಸರು ಕೊಡವಿ ಕೊಟ್ಟು, "ನೀವು ಮುಂದೆ ಹೋಗಿ" ಎಂದ. ದಾರಿ ತೋರಿಸಲಿಕ್ಕೆ ಅಂದುಕೊಂಡೆ. ನಾಲ್ಕು ಸುತ್ತು ತುಳಿಯುವುದರೊಳಗೆ ಹಿಂದಿನಿಂದ ಮಾತು ಬಂತು.

"ಮೇಷ್ಟ್ರೇ, ಇದನ್ನ ಇನ್ನೊಂದ್ಸಲ ಹೇಳೋ ಶಕ್ತಿ ನನಗಿಲ್ಲ. ಒಳಗೊಳಗೇ ಎಷ್ಟು ದಿನ ಜೋಡಿಸ್ಕೊಂಡಿದ್ದೆ ಗೊತ್ತಾ. ಅಷ್ಟೂ ನಿಮ್ಮ ಪಾಲಾಯ್ತು. ನೀವೇ ಅವಳಿಗೆ ಹೇಳಿಬಿಡಿ. ಪಾಠ ಹೇಳೋರು ನೀವು, ಚೆನ್ನಾಗಿ ಹೇಳ್ತೀರ."

"ಹೂಂ" ಎಂದೆ.

ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಹಿಂದೆ ಆತ ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಭಾರವೆಲ್ಲ ಇಳಿಸಿ ನನ್ನ ಕ್ಯಾರಿಯರ್ ಮೇಲೆ ಇಟ್ಟಂತೆ. ಹೇಗೆ ಹೇಳುವುದು, ಎಲ್ಲಿಂದ ಶುರು ಮಾಡುವುದು? ಕೈಯಿಂದಲೋ, ಡಾಕ್ಟರಿಂದಲೋ? ನನ್ನ ಕಿವಿಯ ವಿಷಯ ಬಿಟ್ಟುಬಿಡಬಹುದೇ?

ಕೊನೆಗೆ ನಮ್ಮನ್ನು ದಾರಿಗೆ ತಂದದ್ದು ಬೆಲ್ಲಿನ ಸದ್ದು. ಮಂಜಿನಲ್ಲಿ ಎಲ್ಲೋ ಒಂದು ಕಡೆ ಸೈಕಲ್ ಬೆಲ್ಲು ಬಿಟ್ಟೂಬಿಡದೆ ಟ್ರಿಣ್ ಟ್ರಿಣ್ ಎನ್ನುತ್ತಿತ್ತು. "ಅವಳೇ," ಎಂದ ರೇಡಿಯೊ, "ಸಿಟ್ಟಲ್ಲಿದಾಳೆ." ಆ ಸದ್ದು ಹಿಡಿದು ಹೊಲದ ಬದುವಿನ ಮೇಲೆ ಸೈಕಲ್ ತಳ್ಳಿಕೊಂಡು ಹೋದೆವು. ಕಾಲುವೆಯ ಏರಿ ಸಿಕ್ಕಿತು, ಆಮೇಲೆ ಸೇತುವೆ.

ಸೇತುವೆಯ ಮೋಟುಗೋಡೆಯ ಮೇಲೆ ಉಲ್ಲನ್ ಅಕ್ಕ ಕೂತಿದ್ದಳು. ಒಂದು ಕೈ ಪಕ್ಕದಲ್ಲಿ ನಿಲ್ಲಿಸಿದ ಸೈಕಲ್ಲಿನ ಬೆಲ್ಲಿನ ಮೇಲೆ. ಮೂಗು ಕೆಂಪಾಗಿತ್ತು, ಕಣ್ಣೂ ಕೆಂಪಾಗಿತ್ತು.

"ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದಳು. "ದಾರಿಯುದ್ದಕ್ಕೂ ನಾನು ಮಾತಾಡ್ಕೊಂಡು ಬಂದೆ. ಈ ಸಲ ಮೊದಲು ನಾನೇ ಹೇಳಿಬಿಡೋಣ ಅಂತ ಎಲ್ಲ ಹೇಳಿದೆ. ಇಲ್ಲಿ ಬಂದು ಏನಂತೀರ ಅಂತ ತಿರುಗಿ ನೋಡಿದ್ರೆ ಬರೀ ಮಂಜು. ಕಾಲುವೆಗೆ ಬಿದ್ರೇನೋ ಅಂತ ಜೀವ ಹೋಯ್ತು ನನಗೆ."

ಆಮೇಲೆ ಆಕೆಯ ಕಣ್ಣು ನನ್ನ ಮೇಲೆ ಬಿತ್ತು. ಕೆಸರು ಮೆತ್ತಿದ ತನ್ನದೇ ಟೋಪಿ, ಪಿನ್ನು ಕಳಚಿ ಜೋತಾಡುವ ಶಾಲು. ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಟೋಪಿ ನೋಡಿದಳು. ಆಕೆ ಚುರುಕಿನ ಹೆಂಗಸು.

"ಇವರನ್ನ ನಾನು ಅಂದ್ಕೊಂಡ್ರಾ?"

ರೇಡಿಯೊ ತನ್ನ ಸೈಕಲ್ಲಿನ ಹ್ಯಾಂಡಲ್ ನೋಡುತ್ತಿದ್ದ.

"ಏನು ಹೇಳಿದ್ರಿ ಇವರಿಗೆ?"

ಆತ ತಲೆಯೆತ್ತಿ ನನ್ನನ್ನು ನೋಡಿದ. ಹೇಳಿ ಎನ್ನುವ ಹಾಗೆ. ನಾನು ದಾರಿಯಲ್ಲಿ ಜೋಡಿಸಿಕೊಂಡಿದ್ದ ಪಾಠ ನಾಲಿಗೆಯ ಮೇಲೆ ಸಿದ್ಧವಿತ್ತು. "ಅಕ್ಕ, ವಿಷಯ ಏನಂದ್ರೆ" ಎಂದು ಗಂಟಲು ಸರಿಮಾಡಿಕೊಂಡೆ. ಆಕೆಯ ಮುಖ ನನ್ನ ಕಡೆ ತಿರುಗಿತು. ಅದರಲ್ಲಿ ಸಿಟ್ಟೆಲ್ಲ ಹೋಗಿ ಭಯ ತುಂಬಿಕೊಂಡಿತ್ತು. ಒಬ್ಬ ಹೊರಗಿನವನ ಬಾಯಿಂದ, ಅದೂ ಭೂಗೋಳದ ಮೇಷ್ಟ್ರ ಬಾಯಿಂದ, ತನ್ನ ಗಂಡನ ಕೈಯ ಸುದ್ದಿ ಕೇಳಬೇಕೇ ಈ ಹೆಂಗಸು? ನನ್ನಿಂದ ಆಗಲಿಲ್ಲ.

"ಏನೋ ಹೇಳ್ತಿದ್ರು ಅಕ್ಕ. ನಾನು ಕೇಳಿಸ್ಕೊಳ್ಳಲಿಲ್ಲ" ಎಂದೆ. "ಅವರ ಅಂಗಡೀಲಿ ಯಾವತ್ತಾದ್ರೂ ಕೇಳಿಸ್ಕೊಂಡಿದೀನಾ? ಬೇಕಾದ್ರೆ ಅವರನ್ನೇ ಕೇಳಿ."

ನಾನೇ ಆತನನ್ನು ಕಾಲುವೆಗೆ ನೂಕಿದೆನೋ ಎಂಬಂತೆ ರೇಡಿಯೊ ನನ್ನನ್ನು ನೋಡಿದ. ನಾನು ಸೈಕಲ್ಲುಗಳನ್ನು ಹಿಡಿದುಕೊಳ್ಳುವ ನೆಪ ಮಾಡಿ ಪಕ್ಕಕ್ಕೆ ಸರಿದೆ. ಹೊರಟುಹೋಗಬೇಕಿತ್ತು. ಆದರೆ ಯಾವ ಕಡೆ ಹೋದರೆ ಊರು ಎಂದು ನನಗೆ ಆಗಲೂ ಗೊತ್ತಿರಲಿಲ್ಲ.

ಉಲ್ಲನ್ ಅಕ್ಕ ಗಂಡನನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಾಲೆತ್ತಿ ಮೋಟುಗೋಡೆಯ ಆಚೆಗೆ ಹಾಕಿ, ನೀರಿನ ಕಡೆ ಮುಖ ಮಾಡಿ, ಆತನಿಗೆ ಬೆನ್ನು ಕೊಟ್ಟು ಕೂತಳು. ತಲೆಯ ಮೇಲಿನ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆ ಚಳಿಯಲ್ಲಿ ಆಕೆಯ ಕುತ್ತಿಗೆ, ನರೆತ ಕೂದಲಿನ ಸಣ್ಣ ಗಂಟು, ಎರಡೂ ಬಯಲಾದವು.

"ಹೇಳಿ" ಎಂದಳು.

ಆತ ಹೋಗಿ ಹಿಂದೆ ನಿಂತ. ಕುರ್ಚಿಯ ಹಿಂದೆ ನಿಲ್ಲುವ ಹಾಗೆಯೇ, ಅಷ್ಟೇ ದೂರದಲ್ಲಿ. ಬಾಯಿ ತೆರೆದ. ಹಬೆ ಬಂತು, ಮಾತು ಬರಲಿಲ್ಲ. ಇನ್ನೊಮ್ಮೆ ತೆರೆದ. ಹಿಂದಿನಿಂದ ಮಾತಾಡುವುದು ಈ ಮನುಷ್ಯನಿಗೆ ಯಾವಾಗ ಮರೆತುಹೋಯಿತು? ಅಥವಾ ಬೇಡವಾಯಿತೋ? ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ. ಆತ ಕೈಚಾಚಿ ಆಕೆಯ ಹೆಗಲು ಮುಟ್ಟಿದ.

"ಈ ಕಡೆ ತಿರುಗು" ಎಂದ.

ಆಕೆ ತಿರುಗಿದಳು. ಆತ ಆಕೆಯ ಮುಖ ನೋಡಿದ. ಕಣ್ಣು ಒಮ್ಮೆ ಕೆಳಗೆ ಜಾರಿತು, ಮತ್ತೆ ಮೇಲೆತ್ತಿದ. ಬಲಗೈಯ ಗವಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ತೆಗೆದು ಕೈಯನ್ನು ಇಬ್ಬರ ನಡುವೆ ಹಿಡಿದ. ನಾನಿದ್ದಲ್ಲಿಗೂ ಕಾಣುತ್ತಿತ್ತು.

"ಇದು ಚಳಿಗಲ್ಲ" ಎಂದ.

ಆಕೆ ಕೈಯನ್ನೇ ನೋಡುತ್ತಿದ್ದಳು.

"ಹೋಗಲ್ವಂತೆ. ಡಾಕ್ಟರು ಹೇಳಿದ್ರು." ಒಂದೊಂದೇ ಮಾತನ್ನು ಕಲ್ಲು ಎತ್ತಿಡುವ ಹಾಗೆ ಇಡುತ್ತಿದ್ದ. "ಅಂಗಡಿ ಮುಚ್ತೀನಿ. ಮನೇಲಿರ್ತೀನಿ. ನಿನ್ನ ಎದುರಿಗೆ. ಏನು ಮಾತಾಡಬೇಕೋ, ನನಗೆ ಬರಲ್ಲ."

ದಾರಿಯಲ್ಲಿ ನನಗೆ ಅಷ್ಟುದ್ದ ಹೇಳಿದ್ದರಲ್ಲಿ ಆಕೆಗೆ ಸಿಕ್ಕಿದ್ದು ಇಷ್ಟೇ. ಆಕೆ ಹೂಂ ಕೂಡ ಎನ್ನಲಿಲ್ಲ.

"ಆ ಕೈನೂ ಚಾಚಿ" ಎಂದಳು ಕೊನೆಗೆ.

ಆತ ಅರ್ಥವಾಗದೆ ಎರಡೂ ಕೈ ಮುಂದೆ ಚಾಚಿದ. ಆಕೆ ಆ ಕೈಗಳ ಮಣಿಕಟ್ಟು ಹಿಡಿದು ಸ್ವಲ್ಪ ಅಗಲ ಮಾಡಿದಳು, ಅಳತೆ ನೋಡುವವಳಂತೆ ತಲೆ ಓರೆ ಮಾಡಿದಳು, ಇನ್ನೊಂಚೂರು ಅಗಲ ಮಾಡಿದಳು.

"ಇಷ್ಟಿದ್ರೆ ಸಾಕು. ಲಡಿ ಹಿಡಿಯೋಕೆ."

"ನಡುಗುತ್ತೆ ಕಣೇ."

"ನಡುಗಲಿ. ದಾರ ಸಲೀಸಾಗಿ ಬಿಟ್ಕೊಳ್ಳುತ್ತೆ." ಆಕೆ ಮಣಿಕಟ್ಟು ಬಿಡಲಿಲ್ಲ. "ಇಷ್ಟು ವರ್ಷ ಕುರ್ಚಿ ಎದುರಿಗೆ ಕೂತು ಉಂಡೆ ಸುತ್ತಿದೀನಿ. ಅದು ಯಾವತ್ತೂ ಒಂದು ಮಾತಾಡಿಲ್ಲ."

ನಾನು ಕಾಲುವೆ ನೋಡಿದೆ. ಕಾಲುವೆಯೂ ಸರಿಯಾಗಿ ಕಾಣಲಿಲ್ಲ, ಅದಕ್ಕೆ ಮಂಜೊಂದೇ ಕಾರಣ ಅಂತ ಹೇಳಲಾರೆ.

ಹಿಂತಿರುಗುವಾಗ ಅವರಿಬ್ಬರೂ ಅಕ್ಕಪಕ್ಕ ಸೈಕಲ್ ತಳ್ಳಿಕೊಂಡು ನಡೆದರು, ನಾನು ಹಿಂದೆ. ಮುಂದಿನಿಂದ ಹೆಚ್ಚು ಮಾತೇನೂ ಕೇಳಲಿಲ್ಲ. ರೈಲ್ವೆ ಗೇಟಿನ ಹತ್ತಿರ ನನಗೆ ತಡೆಯದೆ ಕೇಳಿಬಿಟ್ಟೆ, "ಅಕ್ಕ, ನೀವು ದಾರೀಲಿ ಒಬ್ಬರೇ ಏನೋ ಹೇಳಿದ್ರಂತಲ್ಲ, ಅದೇನು?"

"ಅದು ಮಂಜಿಗೆ ಹೇಳಿದ್ದು, ಮೇಷ್ಟ್ರೇ. ನಿಮಗಲ್ಲ" ಎಂದಳು. ಗಂಡ ತಿರುಗಿ ಆಕೆಯ ಮುಖ ನೋಡಿದ. ಆತನಿಗೂ ಆಕೆ ಆಗ ಹೇಳಿರಲಿಲ್ಲವೆಂದು ಕಾಣುತ್ತದೆ.

ಚಳಿ ಮುಗಿಯುವ ಮೊದಲೇ ಅಂಗಡಿಯ ಬಾಗಿಲು ಹಾಕಿತು. ನಾನೀಗ ಇನ್ನೊಂದು ಬೀದಿಯ ಅಂಗಡಿಗೆ ಹೋಗುತ್ತೇನೆ. ಅಲ್ಲಿಯವನು ತುಟಿ ಪಿಟಕ್ಕೆನ್ನುವುದಿಲ್ಲ. ನಾನು ಬಯಸಿದ ನೆಮ್ಮದಿ ಕೊನೆಗೂ ಸಿಕ್ಕಿದೆ, ಆದರೆ ಕಿವಿಯ ಹತ್ತಿರ ಕತ್ತರಿ ಬಂದಾಗ ಹೆದರಿಕೆಯಾಗುತ್ತದೆ. ಆತನ ಮಾವ ಹೇಳಿದ್ದು ಸರಿಯೇ ಇತ್ತು.

ಸಂಜೆ ಶಾಲೆಯಿಂದ ಬರುವಾಗ ಓಣಿಯ ಆ ಕಿಟಕಿಯ ಮುಂದೆ ಹಾಯುತ್ತೇನೆ. ಮರದ ಕುರ್ಚಿ ಅಲ್ಲೇ ಇದೆ, ಈಗ ಅದರಲ್ಲಿ ರೇಡಿಯೊ ಕೂತಿರುತ್ತಾನೆ. ಚಾಚಿದ ಎರಡು ಕೈಗಳ ಮೇಲೆ ನೀಲಿ ಲಡಿ, ಅದು ಸಣ್ಣಗೆ ಅಲ್ಲಾಡುತ್ತಿರುತ್ತದೆ. ಎದುರಿಗೆ ಆಕೆ ಉಂಡೆ ಸುತ್ತುತ್ತ ಏನೋ ಹೇಳುತ್ತಿರುತ್ತಾಳೆ. ಆತ ಆಕೆಯ ಮುಖದಿಂದ ಕಣ್ಣು ತೆಗೆಯದೆ ಕೇಳುತ್ತಿರುತ್ತಾನೆ. ನಿನ್ನೆ ಆಕೆ ಮಾತು ನಿಲ್ಲಿಸಿ ಉಸಿರೆಳೆದುಕೊಂಡಳು. ಆತ ಹೂಂ ಎನ್ನುತ್ತಾನೆಂದು ನಾನು ಕಾದೆ. "ಆಮೇಲೆ?" ಎಂದು ಕೇಳಿದ.